ಫೈನೈಟ್ ಎಲಿಮೆಂಟ್ ಮಾದರಿಗೆ ಪೀರಿಯಾಡಿಕ್ ಬೌಂಡರಿ ಕಂಡಿಷನ್ ಹಾಕುವ ವಿಧಾನ: ಜೋಡಿ ಹುಡುಕುವುದರಿಂದ ಪರೀಕ್ಷೆಯವರೆಗೆ

ಮೈಸೂರು, ಮಂಡ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಾಂಪೊಸಿಟ್ ಮೇಲೆ ಪ್ರಾಜೆಕ್ಟ್ ಮಾಡುವವರಿಗೆ ನಾರಿಗೆ ಬರವಿಲ್ಲ. ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆ ಸಿಗುತ್ತದೆ, ತೆಂಗಿನ ನಾರು ಸಿಗುತ್ತದೆ, ಗ್ಲಾಸ್ ಫೈಬರ್ ತರಿಸಿಕೊಳ್ಳಬಹುದು. ಎಪಾಕ್ಸಿ ಸುರಿದು ಹಲಗೆ ಮಾಡಿ ಯುಟಿಎಂನಲ್ಲಿ (ಎಳೆದು ಬಲ ಅಳೆಯುವ ಯಂತ್ರದಲ್ಲಿ) ಎಳೆದು ನೋಡುವ ಕೆಲಸವೂ ಕಷ್ಟದ್ದಲ್ಲ. ತೊಡಕು ಬರುವುದು ಸಿಮ್ಯುಲೇಷನ್ ಅಧ್ಯಾಯದಲ್ಲಿ. ಒಂದು ನಾರು, ಅದರ ಸುತ್ತ ಎಪಾಕ್ಸಿ ಇರುವ ಚಿಕ್ಕ ತುಂಡೊಂದನ್ನು ಬಿಡಿಸಿ, ಎಡಮುಖವನ್ನು ಪೂರ್ತಿ ಬಿಗಿದು, ಬಲಮುಖವನ್ನು ಎಳೆದುಬಿಡುತ್ತಾರೆ. ಹಾಗೆ ಬರುವ ಸಂಖ್ಯೆ ಹಲಗೆಯದಲ್ಲ, ಬಿಗಿದ ತುಂಡಿನದು. ಹಲಗೆಯೊಳಗೆ ಆ ತುಂಡಿನ ಅಕ್ಕಪಕ್ಕ ಅದರಂಥದೇ ಸಾವಿರಾರು ತುಂಡುಗಳಿರುತ್ತವೆ, ಅದನ್ನು ಯಾರೂ ಹಾಗೆ ಬಿಗಿದಿರುವುದಿಲ್ಲ.

ಮುಖಗಳು ಸಪಾಟಾಗಿಯೇ ಉಳಿಯಬೇಕೆಂದು ಕಟ್ಟಿಹಾಕಿದರೆ ಗಡಸುತನ (ಸ್ಟಿಫ್‌ನೆಸ್) ಇರಬೇಕಾದ್ದಕ್ಕಿಂತ ಹೆಚ್ಚು ಬರುತ್ತದೆ. ಮುಖಗಳ ಮೇಲೆ ಏಕರೂಪದ ಒತ್ತಡ ಕೊಟ್ಟರೆ ಕಡಿಮೆ ಬರುತ್ತದೆ. ಈ ತುಂಡು, ಅಂದರೆ ಸೆಲ್, ಎಲ್ಲ ದಿಕ್ಕಿಗೂ ಹಾಗೇ ಮರುಕಳಿಸುತ್ತದೆ ಎಂದು ಹೇಳುವ ಪೀರಿಯಾಡಿಕ್ ಕಂಡಿಷನ್ ಇವೆರಡರ ನಡುವೆ ಬರುತ್ತದೆ, ಮತ್ತು ತುಂಡು ಚಿಕ್ಕದಿದ್ದಾಗಲೂ ಸರಿಯಾದ ಉತ್ತರಕ್ಕೆ ಬೇಗ ಹತ್ತಿರವಾಗುತ್ತದೆ.

ಹೇಳಬೇಕಾದ ಸಂಬಂಧ ಒಂದೇ

ಎದುರುಬದುರು ಮುಖಗಳಲ್ಲಿ ಒಂದಕ್ಕೊಂದು ನೇರ ಎದುರಾಗಿರುವ ಎರಡು ನೋಡ್‌ಗಳನ್ನು (ಮಾದರಿಯನ್ನು ಚಿಕ್ಕ ಎಲಿಮೆಂಟ್‌ಗಳಾಗಿ ಒಡೆದಾಗ ಅವುಗಳ ಮೂಲೆಗಳಲ್ಲಿ ಬರುವ ಬಿಂದುಗಳನ್ನು) ತೆಗೆದುಕೊಳ್ಳಿ. ಅವುಗಳ ನಡುವೆ ಇರಬೇಕಾದ ಸಂಬಂಧ ಇದು:

ಬಲ ನೋಡ್‌ನ ಡಿಸ್‌ಪ್ಲೇಸ್‌ಮೆಂಟ್ − ಎಡ ನೋಡ್‌ನ ಡಿಸ್‌ಪ್ಲೇಸ್‌ಮೆಂಟ್ = ಸರಾಸರಿ ಸ್ಟ್ರೇನ್ × ಎರಡರ ನಡುವಿನ ದೂರ

ಡಿಸ್‌ಪ್ಲೇಸ್‌ಮೆಂಟ್ ಅಂದರೆ ನೋಡ್ ಸರಿದ ದೂರ, ಸ್ಟ್ರೇನ್ ಅಂದರೆ ಮೂಲ ಉದ್ದಕ್ಕೆ ಹೋಲಿಸಿ ಆದ ಹಿಗ್ಗು. ಮುಖ ಎಷ್ಟು ಬೇಕಾದರೂ ಡೊಂಕಾಗಬಹುದು, ಆದರೆ ಎದುರುಮುಖವೂ ಅದೇ ಆಕಾರದಲ್ಲಿ ಡೊಂಕಾಗಬೇಕು. ಆಗ ಮಾತ್ರ ವಿರೂಪಗೊಂಡ ಸೆಲ್‌ಗಳನ್ನು ಪಕ್ಕಪಕ್ಕ ಜೋಡಿಸಿದರೆ ಸಂದಿಯೂ ಉಳಿಯುವುದಿಲ್ಲ, ಒಂದರ ಮೇಲೊಂದು ಏರುವುದೂ ಇಲ್ಲ. ಇಲ್ಲಿ ಯಾವ ನೋಡ್‌ಗೂ ಇಷ್ಟೇ ಸರಿಯಬೇಕೆಂದು ಹೇಳುತ್ತಿಲ್ಲ, ಎರಡರ ವ್ಯತ್ಯಾಸವನ್ನು ಮಾತ್ರ ಹೇಳುತ್ತಿದ್ದೇವೆ. ಮುಂದಿನ ಹಂತಗಳೆಲ್ಲ ಈ ಸಂಬಂಧವನ್ನು ಸಾಫ್ಟ್‌ವೇರ್‌ಗೆ ತಪ್ಪಿಲ್ಲದೆ ಮುಟ್ಟಿಸುವ ಕೆಲಸ.

ಮಾದರಿಯ ಅಳತೆಗಳು

ಒಂದೇ ದಿಕ್ಕಿನಲ್ಲಿ ಸಾಗುವ ಗ್ಲಾಸ್ ಫೈಬರ್ ಮತ್ತು ಎಪಾಕ್ಸಿಯ ಸೆಲ್‌ನಿಂದ ಶುರುಮಾಡುವುದು ಒಳ್ಳೆಯದು. ಸಿಪ್ಪೆ, ತೆಂಗಿನ ನಾರಿನ ಗುಣಗಳು ಒಂದೊಂದು ಎಳೆಗೂ ಬದಲಾಗುತ್ತವೆ; ವಿಧಾನ ಕೈಗೆ ಹತ್ತುವ ಮುಂಚೆ ಅವುಗಳಿಗೆ ಕೈಹಾಕಿದರೆ ತಪ್ಪು ಸಮೀಕರಣದಲ್ಲಿದೆಯೋ ವಸ್ತುವಿನಲ್ಲಿದೆಯೋ ತಿಳಿಯುವುದಿಲ್ಲ.

ನಾರು 1ನೇ ದಿಕ್ಕಿನಲ್ಲಿರಲಿ. ಅಡ್ಡಛೇದ 1 ಮಿಮೀ × 1 ಮಿಮೀ, ನಾರಿನ ದಿಕ್ಕಿನ ದಪ್ಪ 0.05 ಮಿಮೀ. ನಿಜವಾದ ಗ್ಲಾಸ್ ಎಳೆಯ ವ್ಯಾಸ ಮೈಕ್ರಾನ್‌ಗಳ ಲೆಕ್ಕದ್ದು, ಆದರೆ ಸರಳ ಎಲಾಸ್ಟಿಕ್ ಲೆಕ್ಕದಲ್ಲಿ ಅನುಪಾತವಷ್ಟೇ ಮುಖ್ಯ. ಹಾಗಾಗಿ ಮಿಮೀ, ನ್ಯೂಟನ್, ಮೆಗಾಪಾಸ್ಕಲ್‌ನಲ್ಲೇ ಇರಿ. ನಾರಿನ ಪಾಲು 60% ಬೇಕಿದ್ದರೆ ಚೌಕ ಜೋಡಣೆಯಲ್ಲಿ ತ್ರಿಜ್ಯ 0.437 ಮಿಮೀ. ಆಗ ಪಕ್ಕದ ನಾರಿಗೂ ಇದಕ್ಕೂ ನಡುವೆ ಉಳಿಯುವ ಎಪಾಕ್ಸಿ 0.126 ಮಿಮೀ ಮಾತ್ರ. ಆ ಸಂದಿಯಲ್ಲಿ ಕನಿಷ್ಠ 4 ಎಲಿಮೆಂಟ್ ಇರಲಿ, ಏಕೆಂದರೆ ಅಡ್ಡ ಎಳೆತದಲ್ಲಿ ಸ್ಟ್ರೆಸ್ ಏರುವುದು ಅಲ್ಲೇ. ಗ್ಲಾಸ್‌ಗೆ ಯಂಗ್ಸ್ ಮಾಡ್ಯುಲಸ್ 73,000 ಮೆಗಾಪಾಸ್ಕಲ್, ಪಾಯ್ಸನ್ ಅನುಪಾತ 0.22, ಎಪಾಕ್ಸಿಗೆ 3,400 ಮತ್ತು 0.35 ಇಟ್ಟುಕೊಳ್ಳಿ.

ನಾರಿನ ದಿಕ್ಕಿನಲ್ಲಿ ಒಂದೇ ಒಂದು ಎಲಿಮೆಂಟ್ ಸಾಕು. ಆ ದಿಕ್ಕಿನಲ್ಲಿ ಏನೂ ಬದಲಾಗುವುದಿಲ್ಲವಾದ್ದರಿಂದ, ಪೀರಿಯಾಡಿಕ್ ಕಂಡಿಷನ್ ಸರಿಯಾಗಿದ್ದರೆ ಒಂದು ಪದರವೂ ಹತ್ತು ಪದರವೂ ಒಂದೇ ಉತ್ತರ ಕೊಡುತ್ತವೆ. ಫೈನೈಟ್ ಎಲಿಮೆಂಟ್ ಸಾಫ್ಟ್‌ವೇರ್ ಆದ ಅಬಾಕಸ್‌ನ ವಿದ್ಯಾರ್ಥಿ ಆವೃತ್ತಿಗೆ ನೋಡ್‌ಗಳ ಮಿತಿ ಇದೆ, ನಿಮ್ಮ ಆವೃತ್ತಿಯದು ಎಷ್ಟೆಂದು ನೋಡಿಕೊಳ್ಳಿ. 20 × 20 × 1 ಮೆಶ್‌ಗೆ (ಎಲಿಮೆಂಟ್‌ಗಳ ಜಾಲಕ್ಕೆ) 882 ನೋಡ್ ಆಗುತ್ತದೆ. ಮಿತಿ ಸಾಲದಿದ್ದರೆ ಅಥವಾ ಸಂದಿಯನ್ನು ಇನ್ನಷ್ಟು ನುಣುಪಾಗಿ ಮೆಶ್ ಮಾಡಬೇಕಿದ್ದರೆ ಕ್ಯಾಲ್ಕ್ಯುಲಿಕ್ಸ್ ಬಳಸಿ. ಅದು ಉಚಿತ, ಸಮೀಕರಣ ಬರೆಯುವ ಕ್ರಮವೂ ಅಬಾಕಸ್‌ನದೇ.

ಮೆಶ್: ಎದುರು ಮುಖಗಳು ಅಚ್ಚು ಹೊಡೆದಂತಿರಬೇಕು

ಎಡಮುಖದ ಪ್ರತಿ ನೋಡ್‌ಗೂ ಬಲಮುಖದಲ್ಲಿ ಅದೇ ಎತ್ತರದಲ್ಲಿ ಜೋಡಿ ಇರಬೇಕು. ಅಡ್ಡಛೇದವನ್ನು ಮೆಶ್ ಮಾಡುವ ಸಾಫ್ಟ್‌ವೇರ್ ಜಿಮೆಶ್‌ನಲ್ಲಿ ಮಾಡುವವರು ಬಲ ಅಂಚನ್ನು ಎಡ ಅಂಚಿನ ಪೀರಿಯಾಡಿಕ್ ಪ್ರತಿಯೆಂದು, ಮೇಲಂಚನ್ನು ಕೆಳಂಚಿನ ಪ್ರತಿಯೆಂದು ಮೆಶ್ ಮಾಡುವ ಮುಂಚೆಯೇ ಘೋಷಿಸಬಹುದು. ಅಬಾಕಸ್‌ನಲ್ಲಾದರೆ ನಾಲ್ಕೂ ಅಂಚುಗಳಿಗೆ ಎಲಿಮೆಂಟ್‌ಗಳ ಸಂಖ್ಯೆಯನ್ನು ಕೊಟ್ಟು, ಅದು ಬದಲಾಗದಂತೆ ಬೀಗ ಹಾಕಿ. ನಂತರ 1ನೇ ದಿಕ್ಕಿಗೆ ಒಂದು ಪದರ ಎಳೆಯಿರಿ. ನಾರು ಮತ್ತು ಎಪಾಕ್ಸಿ ಸೇರುವಲ್ಲಿ ನೋಡ್‌ಗಳು ಎರಡಕ್ಕೂ ಸೇರಿದವಾಗಿರಲಿ. ಎಂಟು ನೋಡ್‌ಗಳ ಇಟ್ಟಿಗೆ ಎಲಿಮೆಂಟ್, ಪೂರ್ಣ ಇಂಟಿಗ್ರೇಷನ್ ಇದಕ್ಕೆ ಸಾಕು.

ಮೂರು ರೆಫರೆನ್ಸ್ ನೋಡ್

ಮಾದರಿಯ ಯಾವ ಎಲಿಮೆಂಟ್‌ಗೂ ಸೇರದ ಮೂರು ನೋಡ್‌ಗಳನ್ನು ಸೃಷ್ಟಿಸಿ. ಸಂಖ್ಯೆ 100001, 100002, 100003 ಎಂದಿಟ್ಟುಕೊಳ್ಳೋಣ. ಇವು ಎಲ್ಲಿದ್ದರೂ ನಡೆಯುತ್ತದೆ, ಸೆಲ್‌ನಿಂದ ದೂರವಿಟ್ಟರೆ ಕಣ್ಣಿಗೆ ಗೊಂದಲವಿಲ್ಲ. ಮೊದಲನೆಯದರ ಡಿಸ್‌ಪ್ಲೇಸ್‌ಮೆಂಟ್ ಅಂದರೆ 1ನೇ ದಿಕ್ಕಿನ ಎದುರುಮುಖಗಳ ನಡುವಿನ ವ್ಯತ್ಯಾಸ, ಎರಡನೆಯದು 2ನೇ ದಿಕ್ಕಿನದು, ಮೂರನೆಯದು 3ನೇ ದಿಕ್ಕಿನದು. ಹೀಗೆ ಮಾಡಿದರೆ ಸ್ಟ್ರೇನ್ ಬದಲಿಸಲು ಸಾವಿರಾರು ಸಮೀಕರಣ ತಿದ್ದಬೇಕಿಲ್ಲ, ಈ ಮೂರು ನೋಡ್‌ಗಳ ಮೇಲಿನ ಬೌಂಡರಿ ಕಂಡಿಷನ್ ಬದಲಿಸಿದರೆ ಸಾಕು.

ಸಮೀಕರಣ ಬರೆಯುವುದು

ಹೆಚ್ಚಿನ ತಪ್ಪುಗಳು ಹುಟ್ಟುವುದು ಇಲ್ಲೇ, ಅದರಲ್ಲೂ ಅಂಚು ಮತ್ತು ಮೂಲೆಗಳಲ್ಲಿ. ಮುಖಗಳ ಜೋಡಿ ಬರೆದು, ಅಂಚಿನ ನೋಡ್‌ಗಳನ್ನೂ ಅದರಲ್ಲೇ ಸೇರಿಸಿಬಿಟ್ಟರೆ, ಒಂದು ಅಂಚಿನ ನೋಡ್ ಬಲಮುಖದ ಪಟ್ಟಿಯಲ್ಲೂ ಮೇಲ್ಮುಖದ ಪಟ್ಟಿಯಲ್ಲೂ ಬರುತ್ತದೆ. ಸಾಫ್ಟ್‌ವೇರ್ ಪ್ರತಿ ಸಮೀಕರಣದ ಮೊದಲ ಪದವನ್ನು ಲೆಕ್ಕದಿಂದ ತೆಗೆದುಹಾಕುತ್ತದೆ. ಒಮ್ಮೆ ತೆಗೆದದ್ದನ್ನು ಮತ್ತೊಮ್ಮೆ ತೆಗೆಯಲು ಆಗುವುದಿಲ್ಲ, ಹಾಗಾಗಿ ಓವರ್‌ಕನ್‌ಸ್ಟ್ರೇಂಟ್ (ಒಂದೇ ನೋಡ್‌ಗೆ ಅತಿಯಾದ ಕಟ್ಟುಪಾಡು) ಎಂದು ಲೆಕ್ಕ ನಿಲ್ಲುತ್ತದೆ. ಇದನ್ನು ತಪ್ಪಿಸಲು 6 ಮುಖ, 12 ಅಂಚು, 8 ಮೂಲೆಗಳಿಗೆ ಬೇರೆ ಬೇರೆ ಪಟ್ಟಿ ಮಾಡುವ ಪದ್ಧತಿ ಇದೆ. ಅದು ಸರಿಯೇ, ಆದರೆ ಉದ್ದ. ಕೈತಪ್ಪಿಗೆ ಎಡೆ ಜಾಸ್ತಿ.

ಅದಕ್ಕಿಂತ ಈ ಒಂದೇ ನಿಯಮ ಸಾಕು. ಸೆಲ್‌ನ ಒಂದು ಮೂಲೆ 0, 0, 0ರಲ್ಲಿರಲಿ. ಪ್ರತಿ ನೋಡ್‌ನ ಮೂರೂ ಕೋಆರ್ಡಿನೇಟ್ ನೋಡಿ. ಯಾವುದು ಆ ದಿಕ್ಕಿನಲ್ಲಿ ಸೆಲ್‌ನ ಪೂರ್ತಿ ಉದ್ದಕ್ಕೆ ಸಮವಾಗಿದೆಯೋ ಅದರಿಂದ ಆ ಉದ್ದವನ್ನು ಕಳೆಯಿರಿ. ಆಗ ಸಿಗುವ ಜಾಗದಲ್ಲಿರುವ ನೋಡ್ ಅದರ ಮೂಲ. ಯಾವ ಯಾವ ದಿಕ್ಕಿನಲ್ಲಿ ಕಳೆದಿರೋ ಆ ದಿಕ್ಕಿನ ರೆಫರೆನ್ಸ್ ನೋಡ್‌ಗಳನ್ನು ಸಮೀಕರಣಕ್ಕೆ ಸೇರಿಸಿ. ಬಲಮುಖದ ನಡುವಿನ ನೋಡ್‌ಗೆ ಒಂದು ರೆಫರೆನ್ಸ್ ನೋಡ್, ಎರಡು ಗರಿಷ್ಠ ಮುಖಗಳು ಸೇರುವ ಅಂಚಿಗೆ ಎರಡು, ಮೂರೂ ಸೇರುವ ಮೂಲೆಗೆ ಮೂರು. ಮೂಲ ನೋಡ್‌ನ ಯಾವ ಕೋಆರ್ಡಿನೇಟೂ ಗರಿಷ್ಠವಲ್ಲವಾದ್ದರಿಂದ ಅದು ಎಂದಿಗೂ ಇನ್ನೊಂದಕ್ಕೆ ಅಧೀನವಾಗುವುದಿಲ್ಲ. ಓವರ್‌ಕನ್‌ಸ್ಟ್ರೇಂಟ್ ಹುಟ್ಟಲು ದಾರಿಯೇ ಇಲ್ಲ. ಕ್ವಾಡ್ರಾಟಿಕ್ ಎಲಿಮೆಂಟ್‌ನ ನಡು ನೋಡ್‌ಗಳೂ ತಾವಾಗಿಯೇ ಸೇರಿಕೊಳ್ಳುತ್ತವೆ.

ನೋಡ್ 482ರ ಮೂಲ ನೋಡ್ 31 ಆಗಿದ್ದು, 1ನೇ ದಿಕ್ಕಿನಲ್ಲಿ ಮಾತ್ರ ಕಳೆದಿದ್ದರೆ ಇನ್‌ಪುಟ್ ಫೈಲಿನ ಈಕ್ವೇಷನ್ ಕಾರ್ಡಿನ ಕೆಳಗೆ ಹೀಗೆ ಬರುತ್ತದೆ:

3
482, 1, 1.0, 31, 1, -1.0, 100001, 1, -1.0

ಮೊದಲ ಸಾಲು ಪದಗಳ ಸಂಖ್ಯೆ. ಆಮೇಲೆ ನೋಡ್, ದಿಕ್ಕು, ಗುಣಾಂಕ. ನೋಡ್, ದಿಕ್ಕು, ಗುಣಾಂಕ. ಇದೇ ಜೋಡಿಗೆ ದಿಕ್ಕು 2 ಮತ್ತು 3ಕ್ಕೂ ಒಂದೊಂದು. ಅಲ್ಲಿ ರೆಫರೆನ್ಸ್ ನೋಡ್ ಬದಲಾಗುವುದಿಲ್ಲ, ಅದರ ದಿಕ್ಕಿನ ಸಂಖ್ಯೆ ಬದಲಾಗುತ್ತದೆ. 100001ರ ಜಾಗದಲ್ಲಿ 100002 ಎಂದು ಬರೆಯುವ ತಪ್ಪು ಬಹಳ ಸಾಮಾನ್ಯ. ಒಂದು ಸಾಲಿಗೆ ನಾಲ್ಕು ಪದಗಳಷ್ಟೇ ಹಿಡಿಯುತ್ತವೆ. ಮೂರೂ ಗರಿಷ್ಠ ಮುಖಗಳ ಮೂಲೆಗೆ ಐದು ಪದ ಬರುವುದರಿಂದ ಕೊನೆಯದನ್ನು ಮುಂದಿನ ಸಾಲಿಗೆ ತನ್ನಿ.

ಪಟ್ಟಿ ಸರಿಯಿದೆಯೇ ಎಂದು ಎಣಿಸಿ ನೋಡಬಹುದು. ಸಾಲುಸಾಲಾಗಿ ಜೋಡಿಸಿದ ಮೆಶ್‌ನಲ್ಲಿ ಅಧೀನ ನೋಡ್‌ಗಳ ಸಂಖ್ಯೆ ಎಂದರೆ ಒಟ್ಟು ನೋಡ್‌ಗಳಿಂದ ಒಟ್ಟು ಎಲಿಮೆಂಟ್‌ಗಳನ್ನು ಕಳೆದಷ್ಟು. 20 × 20 × 1ಕ್ಕೆ 882 − 400 = 482 ಅಧೀನ ನೋಡ್, ಅಂದರೆ 1,446 ಸಮೀಕರಣ. 20 × 20 × 20ಕ್ಕೆ 9,261 − 8,000 = 1,261 ನೋಡ್, 3,783 ಸಮೀಕರಣ. ದುಂಡು ನಾರಿನ ಸುತ್ತ ಮನಬಂದಂತೆ ಹರಡಿದ ಮೆಶ್‌ಗೆ ಈ ಸೂತ್ರ ಹೊಂದುವುದಿಲ್ಲ. ಅಲ್ಲಿ ಯಾವುದಾದರೂ ಕೋಆರ್ಡಿನೇಟ್ ಗರಿಷ್ಠವಾಗಿರುವ ನೋಡ್‌ಗಳನ್ನು ಎಣಿಸಿ ಮೂರರಿಂದ ಗುಣಿಸಿ. ಒಂದೂ ಹೆಚ್ಚುಕಡಿಮೆ ಇರಬಾರದು.

ಪೈಥಾನ್‌ನಲ್ಲಿ ಜೋಡಿ ಹುಡುಕುವಾಗ ಕೋಆರ್ಡಿನೇಟ್‌ಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿ ಸಾಲಿಗೆ ಸಾಲು ಹೊಂದಿಸುವುದು ಅಪಾಯ. ಒಂದು ಕಡೆ 0.5, ಎದುರು 0.49999999 ಎಂದಿದ್ದರೆ ಕ್ರಮವೇ ಅದಲುಬದಲಾಗಿ ದೂರದ ನೋಡ್‌ಗಳು ಜೋಡಿಯಾಗುತ್ತವೆ, ಲೆಕ್ಕವೂ ಓಡುತ್ತದೆ, ಉತ್ತರ ಮಾತ್ರ ತಪ್ಪು. ಕಳೆದ ನಂತರದ ಜಾಗಕ್ಕೆ ಅತಿ ಹತ್ತಿರದ ನೋಡ್ ಯಾವುದೆಂದು ಕೆಡಿ-ಟ್ರೀ (ಹತ್ತಿರದ ಬಿಂದುವನ್ನು ಬೇಗ ಹುಡುಕುವ ವ್ಯವಸ್ಥೆ) ಬಳಸಿ ಹುಡುಕಿ. ಆ ದೂರ ಅತಿ ಚಿಕ್ಕ ಎಲಿಮೆಂಟ್‌ನ ನೂರನೇ ಒಂದು ಭಾಗಕ್ಕಿಂತ ಹೆಚ್ಚಿದ್ದರೆ ಪ್ರೋಗ್ರಾಂ ಅಲ್ಲೇ ನಿಂತು ನೋಡ್ ಸಂಖ್ಯೆ ತೋರಿಸುವಂತೆ ಮಾಡಿ. ಅಬಾಕಸ್‌ನಲ್ಲಿ ನೋಡ್ ಸೆಟ್‌ಗಳ ನಡುವೆ ನೇರ ಸಮೀಕರಣ ಬರೆಯುವವರಿಗೆ ಇನ್ನೊಂದು ಎಚ್ಚರಿಕೆ: ಅದು ಸೆಟ್ಟಿನ ನೋಡ್‌ಗಳನ್ನು ಸಂಖ್ಯೆಯ ಕ್ರಮಕ್ಕೆ ತಂದುಬಿಡುತ್ತದೆ, ನೀವು ಕೊಟ್ಟ ಕ್ರಮ ಉಳಿಯಬೇಕಿದ್ದರೆ ಅನ್‌ಸಾರ್ಟೆಡ್ ಎಂದು ಸ್ಪಷ್ಟವಾಗಿ ಹೇಳಬೇಕು. ಒಂದೊಂದು ನೋಡ್‌ಗೂ ಬೇರೆ ಸಮೀಕರಣ ಬರೆಯುವುದೇ ನೆಮ್ಮದಿ.

ಕೊನೆಗೆ 0, 0, 0ರ ಮೂಲೆ ನೋಡ್‌ನ ಮೂರೂ ದಿಕ್ಕುಗಳನ್ನು ಸೊನ್ನೆಗೆ ಬಿಗಿಯಿರಿ. ಇದು ಇಡೀ ಸೆಲ್ ತೇಲಿಹೋಗದಂತೆ ತಡೆಯಲು ಮಾತ್ರ. ಬೇರೆ ಯಾವ ಮುಖ, ಅಂಚಿಗೂ ಬೌಂಡರಿ ಕಂಡಿಷನ್ ಹಾಕಬೇಡಿ; ಅಧೀನ ನೋಡ್‌ಗೆ ಹಾಕಿದರೆ ಮತ್ತೆ ಅದೇ ಓವರ್‌ಕನ್‌ಸ್ಟ್ರೇಂಟ್.

ಲೋಡ್ ಕೊಡುವುದು, ಸ್ಟ್ರೆಸ್ ಓದುವುದು

ನಾರಿನ ದಿಕ್ಕಿನ ಮಾಡ್ಯುಲಸ್ ಬೇಕಿದ್ದರೆ 100001ರ 1ನೇ ದಿಕ್ಕಿಗೆ 0.01 × 0.05 = 0.0005 ಮಿಮೀ ಕೊಡಿ. 100002ರ 2ನೇ ದಿಕ್ಕು, 100003ರ 3ನೇ ದಿಕ್ಕು ಎರಡನ್ನೂ ಮುಕ್ತವಾಗಿ ಬಿಡಿ. ಅಡ್ಡಕ್ಕೆ ಕುಗ್ಗಲು ಅವಕಾಶ ಬೇಕು. ಉಳಿದ ಆರು ದಿಕ್ಕುಗಳನ್ನು ಸೊನ್ನೆ ಮಾಡಿ. ಎಲ್ಲವನ್ನೂ ಮುಕ್ತ ಬಿಟ್ಟರೆ ಸೆಲ್ ತಿರುಗಲು ದಾರಿಯಾಗಿ ಮ್ಯಾಟ್ರಿಕ್ಸ್ ಸಿಂಗ್ಯುಲರ್ ಆಗುತ್ತದೆ. ರೆಫರೆನ್ಸ್ ನೋಡ್‌ನಲ್ಲಿ ಬರುವ ರಿಯಾಕ್ಷನ್ ಬಲವನ್ನು ಆ ದಿಕ್ಕಿಗೆ ಎದುರಾದ ಮುಖದ ಕ್ಷೇತ್ರದಿಂದ ಭಾಗಿಸಿದರೆ ಸರಾಸರಿ ಸ್ಟ್ರೆಸ್. ಪಾಯ್ಸನ್ ಅನುಪಾತಕ್ಕೆ 100002ರ 2ನೇ ದಿಕ್ಕಿನ ಡಿಸ್‌ಪ್ಲೇಸ್‌ಮೆಂಟನ್ನು 1 ಮಿಮೀಯಿಂದ ಭಾಗಿಸಿ, ಚಿಹ್ನೆ ಬದಲಿಸಿ, 0.01ರಿಂದ ಭಾಗಿಸಿ.

1-2 ಶಿಯರ್‌ಗೆ (2ನೇ ದಿಕ್ಕಿನ ಮುಖ 1ನೇ ದಿಕ್ಕಿಗೆ ಜಾರುವ ವಿರೂಪಕ್ಕೆ) 100002ರ 1ನೇ ದಿಕ್ಕಿಗೆ 0.01 ಮಿಮೀ ಕೊಟ್ಟು, 100001ರ 2ನೇ ದಿಕ್ಕನ್ನು ಸೊನ್ನೆ ಇಡಬಹುದು. ಹೀಗೆ ಕೊಟ್ಟದ್ದು ಎಂಜಿನಿಯರಿಂಗ್ ಶಿಯರ್ ಸ್ಟ್ರೇನ್ 0.01. ಟೆನ್ಸರ್ ರೂಪದ ಶಿಯರ್ ಅದರ ಅರ್ಧ. ಎರಡನ್ನೂ ಬೆರೆಸಿದರೆ ಶಿಯರ್ ಮಾಡ್ಯುಲಸ್ ನಿಖರವಾಗಿ ಎರಡು ಪಟ್ಟೋ ಅರ್ಧವೋ ಬರುತ್ತದೆ. ಹಾಗೆ ಬಂದರೆ ಬೇರೆಲ್ಲೂ ಹುಡುಕಬೇಡಿ. ಇಲ್ಲಿ ಭಾಗಿಸಬೇಕಾದ ಕ್ಷೇತ್ರ 0.05 × 1, ಅಂದರೆ 0.05 ಚದರ ಮಿಮೀ.

ಎಲ್ಲ ಸಾಫ್ಟ್‌ವೇರ್‌ಗಳೂ ಎಲಿಮೆಂಟ್‌ಗೆ ಸೇರದ ನೋಡ್‌ನ ರಿಯಾಕ್ಷನ್ ಬರೆದುಕೊಡುತ್ತವೆ ಎಂದುಕೊಳ್ಳಬೇಡಿ. ಬರದಿದ್ದರೆ ಪ್ರತಿ ಇಂಟಿಗ್ರೇಷನ್ ಪಾಯಿಂಟ್‌ನ ಸ್ಟ್ರೆಸ್‌ನ್ನು ಅದರ ಘನಗಾತ್ರದಿಂದ ಗುಣಿಸಿ, ಕೂಡಿಸಿ, ಸೆಲ್‌ನ ಒಟ್ಟು ಘನಗಾತ್ರದಿಂದ ಭಾಗಿಸಿ. ಒಳಗೆ ಖಾಲಿ ರಂಧ್ರವಿದ್ದರೆ ಅದರ ಘನಗಾತ್ರವೂ ಛೇದದಲ್ಲಿ ಸೇರಬೇಕು. ಎರಡೂ ದಾರಿಯ ಉತ್ತರಗಳು ಒಂದೇ ಬರಬೇಕು, ಬರದಿದ್ದರೆ ಸಮೀಕರಣದಲ್ಲಿ ಲೋಪವಿದೆ.

ನಾರು ಹಾಕುವ ಮುಂಚಿನ ಪರೀಕ್ಷೆ

ಎಲ್ಲ ಎಲಿಮೆಂಟ್‌ಗಳಿಗೂ, ನಾರಿನ ಭಾಗಕ್ಕೂ, ಎಪಾಕ್ಸಿಯ ಗುಣವನ್ನೇ ಕೊಟ್ಟು ಓಡಿಸಿ. ಉತ್ತರ ಮೊದಲೇ ಗೊತ್ತಿರುವ ಲೆಕ್ಕ ಇದು. ಮೇಲಿನ ಎಳೆತಕ್ಕೆ ಸ್ಟ್ರೆಸ್ 34 ಮೆಗಾಪಾಸ್ಕಲ್, 100001ರಲ್ಲಿ ರಿಯಾಕ್ಷನ್ 34 ನ್ಯೂಟನ್. 2ನೇ ದಿಕ್ಕಿಗೆ ಎಳೆದರೆ ಸ್ಟ್ರೆಸ್ ಅಷ್ಟೇ, ರಿಯಾಕ್ಷನ್ 1.7 ನ್ಯೂಟನ್. ಶಿಯರ್‌ನಲ್ಲಿ 12.59 ಮೆಗಾಪಾಸ್ಕಲ್, 0.63 ನ್ಯೂಟನ್. ಅಡ್ಡ ದಿಕ್ಕುಗಳನ್ನೂ ಸೊನ್ನೆಗೆ ಬಿಗಿದರೆ ಎಳೆದ ದಿಕ್ಕಿನಲ್ಲಿ 54.57, ಅಡ್ಡಕ್ಕೆ 29.38 ಮೆಗಾಪಾಸ್ಕಲ್. ಸ್ಟ್ರೆಸ್ ಚಿತ್ರ ಇಡೀ ಸೆಲ್‌ಗೆ ಒಂದೇ ಬಣ್ಣದಲ್ಲಿರಬೇಕು. ಒಂದು ಮೂಲೆಯಲ್ಲಿ ಚುಕ್ಕೆಯಷ್ಟು ಬೇರೆ ಬಣ್ಣ ಕಂಡರೂ ಆ ನೋಡ್‌ನ ಸಮೀಕರಣ ತಪ್ಪಿದೆ ಎಂದೇ ಅರ್ಥ. ಈ ಪರೀಕ್ಷೆ ಮುಗಿಯದೆ ನಾರಿನ ಲೆಕ್ಕಕ್ಕೆ ಹೋಗುವುದು ಬೇಡ.

ನಾರು ಹಾಕಿದ ಮೇಲೆ ಮಿಶ್ರಣ ಸೂತ್ರದ ಪ್ರಕಾರ ನಾರಿನ ದಿಕ್ಕಿನ ಮಾಡ್ಯುಲಸ್ 45.2 ಗಿಗಾಪಾಸ್ಕಲ್‌ಗೆ ತೀರ ಹತ್ತಿರ ಬರಬೇಕು. ಅಡ್ಡ ದಿಕ್ಕಿನದು 7.9 ಗಿಗಾಪಾಸ್ಕಲ್‌ಗಿಂತ ಕೆಳಗೆ ಇಳಿಯುವಂತಿಲ್ಲ. ಇನ್ನೂ ಗಟ್ಟಿಯಾದ ಪರೀಕ್ಷೆ ಸೆಲ್‌ನ್ನು ಅರ್ಧ ಅವಧಿ (ಮರುಕಳಿಸುವ ಉದ್ದದ ಅರ್ಧ) ಸರಿಸುವುದು: ನಾರು ನಡುವಿನಲ್ಲಿರುವ ಬದಲು ನಾಲ್ಕು ಮೂಲೆಗಳಲ್ಲಿ ಕಾಲುಕಾಲು ಭಾಗವಾಗಿ ಬರುವಂತೆ ಕತ್ತರಿಸಿ. ವಸ್ತು ಅದೇ, ಕತ್ತರಿಸಿದ ಜಾಗ ಮಾತ್ರ ಬೇರೆ. ಮೆಶ್‌ನ ಸಣ್ಣ ವ್ಯತ್ಯಾಸ ಬಿಟ್ಟರೆ ಆರೂ ಲೋಡ್‌ಗಳ (ಮೂರು ಎಳೆತ, ಮೂರು ಶಿಯರ್) ಉತ್ತರ ಬದಲಾಗಬಾರದು. ಮುಖಗಳನ್ನು ಬಿಗಿದ ಮಾದರಿ ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ.

ಚೌಕ ಜೋಡಣೆಯಲ್ಲಿ ಅಡ್ಡಛೇದದ ಗುಣ ದಿಕ್ಕಿಗೆ ತಕ್ಕಂತೆ ಬದಲಾಗುತ್ತದೆ, 45 ಡಿಗ್ರಿ ತಿರುಗಿಸಿದರೆ ಮಾಡ್ಯುಲಸ್ ಬೇರೆ. ನಿಜವಾದ ಹಲಗೆ ಹಾಗಿಲ್ಲ. ಆದ್ದರಿಂದ ವರದಿಗೆ ಷಟ್ಕೋನ ಜೋಡಣೆಯೇ ಮೇಲು: ಸೆಲ್ 1 × 1.732 ಮಿಮೀ, ನಡುವೆ ಒಂದು ನಾರು, ಮೂಲೆಗಳಲ್ಲಿ ನಾಲ್ಕು ಕಾಲುಗಳು, 60%ಗೆ ತ್ರಿಜ್ಯ 0.407. ಇದರಲ್ಲಿ 2-3 ಶಿಯರ್ ಮಾಡ್ಯುಲಸ್, ಅಡ್ಡ ಮಾಡ್ಯುಲಸ್‌ನ್ನು ಎರಡು ಪಟ್ಟು (1 + 2-3 ಪಾಯ್ಸನ್ ಅನುಪಾತ)ದಿಂದ ಭಾಗಿಸಿದ್ದಕ್ಕೆ ಸಮ ಬರಬೇಕು. ಮೂರನ್ನೂ ಬೇರೆ ಬೇರೆ ಲೋಡ್‌ನಿಂದ ತೆಗೆದು ತಾಳೆ ನೋಡಿ.

ಸಿಪ್ಪೆ, ತೆಂಗಿನ ನಾರಿಗೆ ಬಂದರೆ

ಇಲ್ಲಿ ಎಳೆಗಳು ಅಡ್ಡಾದಿಡ್ಡಿ. ಸೆಲ್‌ನ ಬಲಮುಖ ದಾಟಿ ಹೊರಹೋಗುವ ಎಳೆ ಎಡಮುಖದಿಂದ ಅದೇ ಜಾಗದಲ್ಲಿ ಒಳಬರಬೇಕು. ಮುಖದಲ್ಲಿ ಕತ್ತರಿಸಿ ಬಿಟ್ಟರೆ ಜೋಡಿ ನೋಡ್‌ಗಳಲ್ಲಿ ಒಂದು ಕಡೆ ನಾರು, ಒಂದು ಕಡೆ ಎಪಾಕ್ಸಿ ಬಂದು ಅಲ್ಲಿ ಹುಸಿ ಸ್ಟ್ರೆಸ್ ಏಳುತ್ತದೆ. ಎಳೆಗಳನ್ನು ಒಂದೊಂದಾಗಿ ಯಾದೃಚ್ಛಿಕವಾಗಿ ಇಡುತ್ತ, ತಾಗಿದರೆ ಬಿಟ್ಟು ಮತ್ತೆ ಇಡುವ ವಿಧಾನ ಸುಲಭ. ಆದರೆ ಸಮಗಾತ್ರದ ದುಂಡು ಅಡ್ಡಛೇದಗಳಿಗೆ ಅದು 54.7% ಸುಮಾರಿಗೆ ಮುಚ್ಚಿಹೋಗುತ್ತದೆ, ಅದಕ್ಕೂ ಮುಂಚೆಯೇ ಬಹಳ ನಿಧಾನವಾಗುತ್ತದೆ. ಹೆಚ್ಚು ತುಂಬಬೇಕಿದ್ದರೆ ಇಟ್ಟ ಎಳೆಗಳನ್ನು ಅಲುಗಾಡಿಸಿ ಜಾಗ ಮಾಡುವ ವಿಧಾನ ಬೇಕು. ಸೆಲ್ ಗಾತ್ರವನ್ನು ಹಂತಹಂತವಾಗಿ ಏರಿಸಿ, ಪ್ರತಿ ಗಾತ್ರಕ್ಕೂ ಕೆಲವು ಬೇರೆ ಬೇರೆ ಜೋಡಣೆಗಳನ್ನು ಓಡಿಸಿ. ಸರಾಸರಿ ನಿಂತು, ಜೋಡಣೆಯಿಂದ ಜೋಡಣೆಗೆ ವ್ಯತ್ಯಾಸ ಕುಗ್ಗಿದಾಗ ಗಾತ್ರ ಸಾಕು. ಎದುರು ಮುಖಗಳು ಬೆಸೆದುಕೊಳ್ಳುವುದರಿಂದ ಮ್ಯಾಟ್ರಿಕ್ಸ್ ಹೆಚ್ಚು ತುಂಬಿಕೊಂಡು, ಅದೇ ಮೆಶ್‌ಗೆ ಮಾಮೂಲಿಗಿಂತ ಹೆಚ್ಚು ಮೆಮೊರಿ ಬೇಡುತ್ತದೆ. ಲ್ಯಾಬಿನ 8 ಜಿಬಿ ಕಂಪ್ಯೂಟರ್‌ನಲ್ಲಿ ಮೊದಲು ಚಿಕ್ಕ ಮೆಶ್‌ನಿಂದ ಅಂದಾಜು ಮಾಡಿಕೊಳ್ಳಿ.

ಇಟ್ಟಿಗೆ ಗೋಡೆ: ಓರೆ ಅವಧಿ

ಸಿವಿಲ್ ವಿಭಾಗದವರಿಗೂ ಇದೇ ವಿಧಾನ ನಡೆಯುತ್ತದೆ. 190 × 90 × 90 ಮಿಮೀ ಮಾಡ್ಯುಲರ್ ಇಟ್ಟಿಗೆ, 10 ಮಿಮೀ ಗಾರೆ, ಪ್ರತಿ ವರಸೆಯೂ ಅರ್ಧ ಇಟ್ಟಿಗೆ ಸರಿದಿದೆ ಎಂದುಕೊಳ್ಳಿ. ಸ್ಥಳೀಯ ಇಟ್ಟಿಗೆಯ ಅಳತೆ ಬೇರೆಯಿರಬಹುದು, ಗೋಡೆಯನ್ನು ಅಳೆದೇ ಹಾಕಿ. ಎರಡು ವರಸೆ ಸೇರಿಸಿ 200 × 200ರ ಸೆಲ್ ಮಾಡಬಹುದು, ಅಥವಾ ಒಂದೇ ಇಟ್ಟಿಗೆಯ 200 × 100 ಸೆಲ್ ಸಾಕು. ಒಂದೇ ಇಟ್ಟಿಗೆಯದರಲ್ಲಿ ಮೇಲಂಚಿನ ನೋಡ್‌ನ ಮೂಲ ನೇರ ಕೆಳಗಿಲ್ಲ, 100 ಮಿಮೀ ಎಡಕ್ಕಿದೆ. ಕೋಆರ್ಡಿನೇಟ್‌ನಿಂದ 100, 100 ಕಳೆಯಿರಿ. ಅಡ್ಡ ಕೋಆರ್ಡಿನೇಟ್ ಸೊನ್ನೆಗಿಂತ ಕೆಳಗಿಳಿದರೆ 200 ಸೇರಿಸಿ, ಆಗ ಮೊದಲ ರೆಫರೆನ್ಸ್ ನೋಡ್ ವಿರುದ್ಧ ಚಿಹ್ನೆಯಲ್ಲಿ ಸಮೀಕರಣಕ್ಕೆ ಸೇರುತ್ತದೆ. ಎರಡನೇ ರೆಫರೆನ್ಸ್ ನೋಡ್‌ನ 1ನೇ ದಿಕ್ಕಿಗೆ ಕೊಡಬೇಕಾದ್ದು 100 × ಅಡ್ಡ ಸ್ಟ್ರೇನ್ + 100 × ಟೆನ್ಸರ್ ಶಿಯರ್. ಗೋಡೆಯ ದಪ್ಪದ ಎರಡು ಮುಖಗಳು ಗಾಳಿಗೆ ತೆರೆದಿರುವುದರಿಂದ ಅಲ್ಲಿ ಪೀರಿಯಾಡಿಕ್ ಕಂಡಿಷನ್ ಹಾಕಬಾರದು, ಮುಕ್ತವಾಗಿ ಬಿಡಿ. ಸ್ಟ್ರೆಸ್ ತೆಗೆಯಲು ಈ ಓರೆ ಸೆಲ್‌ನಲ್ಲಿ ಘನಗಾತ್ರದ ಸರಾಸರಿಯೇ ಸುಲಭ.

ಎಲ್ಲಿ ನಂಬಬಾರದು

ಎಲಾಸ್ಟಿಕ್ ಗುಣ, ಉಷ್ಣ ಹಿಗ್ಗುವಿಕೆ, ಉಷ್ಣವಾಹಕತೆಗೆ ಒಂದು ಸೆಲ್ ಸಾಕು. ಹಿಗ್ಗುವಿಕೆಗೆ ತಾಪಮಾನ ಏರಿಸಿ ಮೂರು ರೆಫರೆನ್ಸ್ ನೋಡ್‌ಗಳ ನೇರ ದಿಕ್ಕುಗಳನ್ನು ಮುಕ್ತ ಬಿಟ್ಟರೆ ಆಯಿತು. ವಾಹಕತೆಗೆ ಡಿಸ್‌ಪ್ಲೇಸ್‌ಮೆಂಟ್ ಬದಲು ತಾಪಮಾನದ ವ್ಯತ್ಯಾಸ, ಪ್ರತಿ ಜೋಡಿಗೆ ಒಂದೇ ಸಮೀಕರಣ. ಬಕ್ಲಿಂಗ್‌ನಲ್ಲಿ (ಒತ್ತಿದಾಗ ಅಲೆಯಂತೆ ಬಾಗುವುದರಲ್ಲಿ) ಅಲೆಯ ಉದ್ದ ಒಂದು ಸೆಲ್‌ಗಿಂತ ದೊಡ್ಡದಿರಬಹುದು, ಒಂಟಿ ಸೆಲ್ ಅದನ್ನು ಕಾಣುವುದೇ ಇಲ್ಲ. 2, 4, 8 ಸೆಲ್‌ಗಳನ್ನು ಸೇರಿಸಿ ಅತಿ ಕಡಿಮೆ ಲೋಡ್ ಯಾವುದೆಂದು ನೋಡಬೇಕು. ಬಿರುಕಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಒಂದು ಮುಖದಿಂದ ಹೊರಟ ಬಿರುಕು ಎದುರುಮುಖದ ಅದೇ ಜಾಗದಿಂದ ಒಳಬರಲೇಬೇಕಾದ್ದರಿಂದ ಬಿರುಕಿನ ಓರೆಯನ್ನು ಸೆಲ್‌ನ ಆಕಾರವೇ ತೀರ್ಮಾನಿಸುತ್ತದೆ. ಗರಿಷ್ಠ ಸ್ಟ್ರೆಸ್ ದಾಟಿದ ಮೇಲಿನ ವಕ್ರರೇಖೆ ಸೆಲ್ ದೊಡ್ಡದಾದಂತೆ ಬದಲಾಗುತ್ತಲೇ ಹೋಗುತ್ತದೆ, ಆ ಭಾಗವನ್ನು ವಸ್ತುವಿನ ಗುಣವೆಂದು ವರದಿಯಲ್ಲಿ ಬರೆಯಬೇಡಿ.